ಹಂಪಣ್ಣನ ಅಮಾವಾಸ್ಯೆ ಡಿಫ್ರ್ಯಾಗ್

ಮನೆಯ ಕಂಪ್ಯೂಟರ್ ಸ್ವಲ್ಪ ನಿಧಾನವಾದರೆ ಸಾಕು, ನಾವು ಏನಾದರೊಂದು ಗುಂಡಿ ಒತ್ತಲು ಹೊರಡುತ್ತೇವೆ. ಒತ್ತಿದರೆ ಒಳಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಕೊಪ್ಪಳದ ಪಕ್ಕದ ಭಾಗ್ಯನಗರದ ಲಲಿತಾ ಅವರ ಮನೆಯಲ್ಲೂ ಹಾಗೆಯೇ ಆಯಿತು.

ಲಲಿತಾ ಮತ್ತು ಅವರ ಗಂಡ ಹಂಪಣ್ಣ ಮನೆಯ ಮುಂದಿನ ಕೋಣೆಯಲ್ಲಿ ಎಂಬ್ರಾಯ್ಡರಿ ಮಷಿನ್ ಇಟ್ಟುಕೊಂಡಿದ್ದಾರೆ. ರವಿಕೆಯ ತೋಳಿಗೆ, ಬೆನ್ನಿಗೆ ಬೇಕಾದ ಹೂವು, ಬಳ್ಳಿ, ನವಿಲುಗಳನ್ನು ಲಲಿತಾ ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ. ಅದನ್ನು ಪೆನ್ ಡ್ರೈವಿನಲ್ಲಿ ಹಾಕಿ ಮಷಿನ್ನಿಗೆ ಕೊಡುತ್ತಾರೆ. ಮಷಿನ್ ನಡೆಸುವ ಕೆಲಸ ಹಂಪಣ್ಣನದು. ಯಲಬುರ್ಗಾ, ಕುಷ್ಟಗಿಯಿಂದಲೂ ಮದುವೆ ಮನೆಯವರು ಅವರನ್ನು ಹುಡುಕಿಕೊಂಡು ಬರುತ್ತಾರೆ. ಐದು ವರ್ಷಗಳಲ್ಲಿ ಲಲಿತಾ ಬಿಡಿಸಿದ ಡಿಸೈನುಗಳು ಆರುನೂರಕ್ಕೂ ಹೆಚ್ಚು. ಅಷ್ಟೂ ಇದ್ದದ್ದು ಆ ಒಂದು ಕಂಪ್ಯೂಟರಿನಲ್ಲಿ.

ಅಮಾವಾಸ್ಯೆಯ ದಿನ ಅವರ ಮಷಿನ್ ನಿಲ್ಲುತ್ತದೆ. ಹಂಪಣ್ಣ ಅದನ್ನು ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಡಿಫ್ರ್ಯಾಗ್ ಎಂಬ ಕೆಲಸ ಶುರು ಮಾಡುತ್ತಿದ್ದರು. ಡಿಸ್ಕಿನಲ್ಲಿ ಚೂರುಚೂರಾಗಿ ಹರಡಿದ ಕಡತಗಳನ್ನು ಒಂದೆಡೆ ಜೋಡಿಸಿಡುವ ಕೆಲಸ ಅದು. ಇಪ್ಪತ್ತು ವರ್ಷಗಳ ಹಿಂದೆ ಗಂಗಾವತಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಅವರು ಕಲಿತದ್ದು. ಅದಕ್ಕೆಂದೇ ಒಂದು ಹಳೆಯ ಪ್ರೋಗ್ರಾಮನ್ನು ನೆಟ್ಟಿನಿಂದ ಇಳಿಸಿಕೊಂಡಿದ್ದರು. ಪರದೆಯ ಮೇಲೆ ಬಣ್ಣದ ಚೌಕಗಳು ಎರಡು ಮೂರು ತಾಸು ಸರಿದಾಡುತ್ತಿದ್ದವು. ನೋಡುತ್ತಾ ಕುಳಿತರೆ ಅವರಿಗೆ ಮನಸ್ಸು ಹಗುರವಾಗುತ್ತಿತ್ತು.

ಹೋದ ವರ್ಷ ಕೊಪ್ಪಳದಲ್ಲಿ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಹಾಕಿಸಿದ್ದರು. ಡಿಸ್ಕ್ ಬದಲಾಯಿತು. ಹಂಪಣ್ಣನ ಅಮಾವಾಸ್ಯೆಯ ರೂಢಿ ಬದಲಾಗಲಿಲ್ಲ.

ಒಂದು ಅಮಾವಾಸ್ಯೆಯಂದು ಚೌಕಗಳು ಅರ್ಧ ಸರಿದಿರುವಾಗ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದು, ಎರಡೇ ನಿಮಿಷಕ್ಕೆ ಕೈಕೊಟ್ಟಿತು. ಮತ್ತೆ ಕಂಪ್ಯೂಟರ್ ಹಚ್ಚಿದಾಗ ಒಂದು ನವಿಲಿನ ಡಿಸೈನ್ ತೆರೆಯಲೇ ಇಲ್ಲ. ಅದನ್ನು ಹೊಸದಾಗಿ ಬಿಡಿಸಲು ಲಲಿತಾ ಅವರಿಗೆ ನಾಲ್ಕು ದಿನ ಹಿಡಿಯಿತು. ಒಂದು ನವಿಲಿಗೆ ನಾಲ್ಕು ದಿನವಾದರೆ ಆರುನೂರಕ್ಕೆ ಎಷ್ಟು? ಆ ಲೆಕ್ಕ ಮಾಡಲು ಅವರಿಗೆ ಧೈರ್ಯ ಬರಲಿಲ್ಲ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಹಂಪಣ್ಣ ಎಣ್ಣೆಯ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತರು.

"ಇವತ್ತ ಬ್ಯಾಡ್ರಿ," ಎಂದರು ಲಲಿತಾ.

"ಯಾಕ? ಮಷಿನ್ನಿಗೆ ಎಣ್ಣಿ ಬ್ಯಾಡ ಅಂತೀಯೇನು? ಇದಕ್ಕೂ ಹಂಗ. ತಿಂಗಳಿಗೊಮ್ಮಿ ಚೊಕ್ಕ ಮಾಡ್ಬೇಕು."

"ಹೋದ ಅಮಾಸಿಗೆ ನನ್ನ ನವಿಲು ಹೋತಲ್ಲ?"

"ಅದು ಹೋಗಿದ್ದು ಕರೆಂಟಿನಿಂದ. ನನ್ನಿಂದಲ್ಲ."

ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಹಂಪಣ್ಣನ ತಾಯಿ ಶಂಕ್ರಮ್ಮ ತಲೆ ಎತ್ತಲಿಲ್ಲ. "ಇವರಪ್ಪನೂ ಹಿಂಗ ಮಾಡ್ತಿದ್ದ. ಛಲೋ ಮಾತಾಡ್ತಿದ್ದ ರೇಡಿಯೋ ಬಿಚ್ಚಿ ಚೊಕ್ಕ ಮಾಡಿದ. ಮೂರು ಸ್ಕ್ರೂ ಉಳದ್ವು, ರೇಡಿಯೋ ಬಾಯಿ ಮುಚ್ಚಿತು."

"ಅವ್ವಾ, ನೀ ಸುಮ್ಮನಿರು."

ಅಷ್ಟರಲ್ಲಿ ಮುಬಾಶಿರಾ ಬಂದರು. ಹಿಂದಿನ ಓಣಿಯವರು, ಕೊಪ್ಪಳದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಲಲಿತಾ ನಸುಕಿನಲ್ಲೇ ಫೋನ್ ಮಾಡಿ ಬರಹೇಳಿದ್ದರು.

"ಬಾ ತಂಗಿ," ಎಂದರು ಹಂಪಣ್ಣ. "ಗಂಡನ ಮ್ಯಾಲೆ ಪಂಚಾಯ್ತಿ ಹಚ್ಚ್ಯಾಳ ನಿಮ್ಮಕ್ಕ."

"ಪಂಚಾಯ್ತಿ ಆಮ್ಯಾಲೆ ಮಾಡೂಣ್ರಿ ಅಣ್ಣಾರ. ಮೊದಲು ಒಂದು ಮಾತು ಹೇಳ್ರಿ. ಈ ಡಿಸೈನೆಲ್ಲ ಮತ್ತ ಎಲ್ಲೆಲ್ಲಿ ಅದಾವ?"

"ಇದರಾಗ ಅಷ್ಟ," ಎಂದರು ಲಲಿತಾ.

"ಪೆನ್ ಡ್ರೈವಿನ್ಯಾಗ?"

"ಮಷಿನ್ನಿಗೆ ಕೊಟ್ಟ ಮ್ಯಾಲೆ ಅಳಸಿಬಿಡ್ತೀನಿ. ಹಳೇದು ಹೊಸಾದು ಕೂಡಬಾರ್ದಂತ."

ಮುಬಾಶಿರಾ ಬೈಯಲಿಲ್ಲ. "ಅಕ್ಕಾ, ನಮ್ಮ ಕಾಲೇಜಿನ್ಯಾಗೂ ಹಿಂಗ ಮಾಡೋರು ಭಾಳ ಮಂದಿ ಅದಾರ. ಅಣ್ಣಾರ, ಇವತ್ತ ಏನೂ ಒತ್ತಬ್ಯಾಡ್ರಿ. ಮೊದಲು ಹೊರಗಿಂದೊಂದು ಡಿಸ್ಕ್ ತಂದು ಇವನ್ನೆಲ್ಲ ಅದಕ್ಕ ಕಾಪಿ ಮಾಡ್ರಿ."

"ಕಾಪಿ ಮಾಡೂಣಂತ. ಆದ್ರ ಡಿಫ್ರ್ಯಾಗ್ ಬ್ಯಾಡ ಅಂದ್ರ ಹೆಂಗ ತಂಗಿ? ನಮ್ಮ ಸರ್ ನೋಟ್‌ಬುಕ್ಕಿನ್ಯಾಗ ಬರಸಿದ್ರು."

"ಅವರು ಬರಸಿದ್ದು ಖರೇನ ಇತ್ತು. ಹಳೇ ಡಿಸ್ಕಿನ ಒಳಗ ತಟ್ಟಿ ತಿರಗ್ತಿತ್ತು, ಒಂದು ಮುಳ್ಳು ಅತ್ತಿತ್ತ ಓಡ್ಯಾಡಿ ಓದ್ತಿತ್ತು. ಕಡತ ಚದುರಿದ್ರ ಮುಳ್ಳಿಗೆ ಓಡಾಟ ಜಾಸ್ತಿ. ಅದಕ್ಕ ಜೋಡಿಸಿಡ್ತಿದ್ವಿ. ಇದರಾಗ ತಟ್ಟಿನೂ ಇಲ್ಲ, ಮುಳ್ಳೂ ಇಲ್ಲ. ಎಲ್ಲಾ ಚಿಪ್. ಯಾವ ಮೂಲಿಯಾಗಿದ್ರೂ ಅಷ್ಟ ಲಗೂನ ಸಿಗತೈತಿ."

"ಲಾಭ ಇಲ್ಲ ಅನ್ನು. ಲುಕ್ಸಾನರ ಏನು?"

ಮುಬಾಶಿರಾ ಮೇಜಿನ ಮೇಲಿದ್ದ ರವಿಕೆಯ ತೋಳೊಂದನ್ನು ಎತ್ತಿಕೊಂಡರು. "ಈ ಹೂವು ಒಂದಿಷ್ಟು ಸೊಟ್ಟ ಆಗೈತಿ ಅನ್ಕೋರಿ. ಬಿಚ್ಚಿ ಮತ್ತ ಹಾಕ್ತೀರಿ. ಮುಂದಿನ ತಿಂಗಳು ಮತ್ತ ಬಿಚ್ಚಿ ಹಾಕ್ತೀರಿ. ಎಷ್ಟು ಸಲ ತಡೀತೈತ್ರಿ ಅರಿವಿ?"

ಹಂಪಣ್ಣ ತೋಳನ್ನು ಕೈಗೆ ತೆಗೆದುಕೊಂಡು ಬೆರಳಾಡಿಸಿದರು. "ಒಂದು ಎರಡು ಸಲ. ಆಮ್ಯಾಲೆ ತೂತು ಬೀಳ್ತೈತಿ."

"ಇದೂ ಹಂಗ. ಇಂತಿಷ್ಟು ಸಲ ಬರೀಬಹುದು ಅಂತ ಮಿತಿ ಐತಿ. ಮನಿ ಕೆಲಸಕ್ಕ ಆ ಮಿತಿ ಭಾಳ ದೊಡ್ಡದು, ಅಂಜೂದು ಬ್ಯಾಡ. ಆದ್ರ ಕೆಲಸಕ್ಕ ಬಾರದ್ದಕ್ಕ ಯಾಕ ಬಿಚ್ಚಿ ಬಿಚ್ಚಿ ಹೊಲೀಬೇಕು?"

ಹಂಪಣ್ಣ ಇನ್ನೂ ಒಪ್ಪಿರಲಿಲ್ಲ. "ಹಂಗಾರ ವಿಂಡೋಸಿನ್ಯಾಗ ಆಪ್ಟಿಮೈಜ್ ಅನ್ನೋ ಗುಂಡಿ ಯಾಕ ಇಟ್ಟಾರ?"

ಲಲಿತಾ ಅವರ ಮುಖ ಸಣ್ಣದಾಯಿತು. "ಅದನ್ನ ನಾ ಬಂದ್ ಮಾಡೀನಿ. ವಾರಕ್ಕೊಮ್ಮಿ ತಾನ ಆಗೂ ಹಂಗ ಇತ್ತು. ಅದರಿಂದ ಡಿಸ್ಕ್ ಹಾಳಾಗತೈತಂತ ಯಾವುದೋ ವಿಡಿಯೋದಾಗ ಹೇಳಿದ್ರು. ಅಂಜಿಕಿ ಆತು."

"ಭಲೇ!" ಎಂದರು ಹಂಪಣ್ಣ. "ನನಗ ಒತ್ತಬ್ಯಾಡ ಅಂತ ಹೇಳಿ, ನೀನ ಕದ್ದು ಒತ್ತೀಯಲ್ಲ!"

ಶಂಕ್ರಮ್ಮ ನಕ್ಕು ಬೆಳ್ಳುಳ್ಳಿ ಚೆಲ್ಲಿಕೊಂಡರು. ಲಲಿತಾ ಅವರ ಕಣ್ಣು ಒದ್ದೆಯಾಗಿದ್ದನ್ನು ಕಂಡು ಮುಬಾಶಿರಾ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಅಕ್ಕಾ, ಅಂಜಿದ್ದು ತಪ್ಪಲ್ಲ. ಆದ್ರ ವಿಂಡೋಸಿನ ಆಪ್ಟಿಮೈಜ್ ಬ್ಯಾರೆ, ಅಣ್ಣಾರು ಹಚ್ಚೂ ಪ್ರೋಗ್ರಾಮ್ ಬ್ಯಾರೆ. ಇದು ಎಸ್‌ಎಸ್‌ಡಿ ಅಂತ ವಿಂಡೋಸಿಗೆ ಗೊತ್ತೈತಿ. ನೀ ಒಂದು ಕಡತ ಅಳಿಸಿದ್ರ, ಆ ಜಾಗ ಖಾಲಿ ಆಗೈತಿ ಅಂತ ಡಿಸ್ಕಿಗೆ ಗೊತ್ತಾಗಬೇಕಲ್ಲ? ಈ ಆಪ್ಟಿಮೈಜ್ ಮುಖ್ಯವಾಗಿ ಅದನ್ನ ತಿಳಿಸೋದು. ಅದು ಗೊತ್ತಾದ್ರ ಮುಂದ ಬರಿಯೂ ಕೆಲಸ ಸರಾಗ ಆಗತೈತಿ. ವಾರಕ್ಕೊಮ್ಮಿ ತಾನ ಮಾಡ್ಕೊಳ್ಳಲಿ, ಬಿಡು."

ಆ ಮಧ್ಯಾಹ್ನವೇ ಹಂಪಣ್ಣ ಕೊಪ್ಪಳಕ್ಕೆ ಹೋಗಿ ಹೊರಗಿನಿಂದ ಜೋಡಿಸುವ ಡಿಸ್ಕೊಂದನ್ನು ತಂದರು, ಯುಪಿಎಸ್‌ಗೆ ಹೊಸ ಬ್ಯಾಟರಿಯನ್ನೂ ತಂದರು. ಡಿಸೈನುಗಳೆಲ್ಲ ಕಾಪಿಯಾದವು. ಅವುಗಳಲ್ಲಿ ನಾಲ್ಕೈದನ್ನು ಆ ಡಿಸ್ಕಿನಿಂದಲೇ ತೆರೆದು ನೋಡಿದ ಮೇಲಷ್ಟೇ ಮುಬಾಶಿರಾ ವಿಂಡೋಸಿನ ಪರದೆ ತೆರೆದರು. ಡಿಸ್ಕಿನ ಹೆಸರಿನ ಎದುರು ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿ, ಎಂದಿತ್ತು. ವಾರದ ವೇಳಾಪಟ್ಟಿಯನ್ನು ಮತ್ತೆ ಚಾಲೂ ಮಾಡಿ ಆಪ್ಟಿಮೈಜ್ ಒತ್ತಿದರು. ಒಂದು ನಿಮಿಷವೂ ಆಗಲಿಲ್ಲ.

"ಮುಗೀತಾ?" ಎಂದರು ಹಂಪಣ್ಣ. "ಇಷ್ಟ?"

"ಇಷ್ಟರಿ."

"ಮೂರು ತಾಸು ಹಿಡಿದ್ರ ಏನೋ ಕೆಲಸ ಆಗೈತಿ ಅನಸ್ತಿತ್ತು."

"ಮೂರು ತಾಸು ಕೂಡಬೇಕು ಅನಿಸಿದ್ರ ಕಾಪಿ ಮಾಡ್ಕೋತ ಕೂಡ್ರಿ ಅಣ್ಣಾರ."

ಶಂಕ್ರಮ್ಮನಿಗೆ ಒಂದು ಸಂಶಯ ಉಳಿದಿತ್ತು. "ಪೂಜಿನೂ ಬ್ಯಾಡಂತೀಯೇನ ಮಗಳ?"

"ಪೂಜಿ ಮಾಡ್ರಿ ಅವ್ವಾರ. ಟೆಂಗಿನಕಾಯಿ ಮಾತ್ರ ದೂರ ಒಡೀರಿ. ನೀರು ಸಿಡಿದ್ರ ನಾನೂ ಏನೂ ಮಾಡಾಕ ಬರಂಗಿಲ್ಲ."

ಹಂಪಣ್ಣ ಹಳೆಯ ಪ್ರೋಗ್ರಾಮನ್ನು ತೆಗೆದುಹಾಕಿದರು. ಅಮಾವಾಸ್ಯೆಯಂದು ಕಾಪಿ ಮಾಡುವುದು, ಆ ಡಿಸ್ಕನ್ನು ಕಳಚಿ ಶಂಕ್ರಮ್ಮನ ಪೆಟ್ಟಿಗೆಯಲ್ಲಿಡುವುದು ರೂಢಿಯಾಯಿತು.

ಮೂರನೆಯ ತಿಂಗಳು, ಯಲಬುರ್ಗಾದ ಮದುವೆಯೊಂದರ ಏಳು ರವಿಕೆಗಳ ಕೆಲಸ ನಡೆದಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಕಪ್ಪು ಪರದೆ. ಡಿಸ್ಕ್ ಕಾಣುತ್ತಿಲ್ಲ ಎಂಬ ಒಂದು ಸಾಲು, ಅಷ್ಟೇ. ಮುಬಾಶಿರಾ ಬಂದು ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದರು. ಅಲ್ಲಿಯೂ ಅದು ಮಾತಾಡಲಿಲ್ಲ.

ಹಂಪಣ್ಣ ಕುಳಿತಲ್ಲಿಂದ ಏಳಲಿಲ್ಲ. "ತಂಗಿ, ನಾ ಅಷ್ಟು ತಿಂಗಳು ಒತ್ತಿದ್ದಕ್ಕ ಸತ್ತಿತೇನು?"

"ಹೇಳಾಕ ಬರಂಗಿಲ್ಲ ಅಣ್ಣಾರ. ಅದರಿಂದ ಅಂತ ನಾ ಅನ್ನೂದಿಲ್ಲ. ಒಮ್ಮೊಮ್ಮಿ ಹೊಸಾವೂ ಹಿಂಗ ಹೋಗ್ತಾವ, ಒಂದು ಸುಳಿವೂ ಕೊಡಂಗಿಲ್ಲ. ನಿಮ್ಮ ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಶಂಕ್ರಮ್ಮ ಪೆಟ್ಟಿಗೆ ತೆರೆದರು. ಹೊಸ ಎಸ್‌ಎಸ್‌ಡಿ ಹಾಕಿ, ಕಾಪಿಯಲ್ಲಿದ್ದ ಡಿಸೈನುಗಳನ್ನು ಲಲಿತಾ ಒಂದೊಂದಾಗಿ ತೆರೆದು ನೋಡಿದರು. ಅಮಾವಾಸ್ಯೆಯಾಗಿ ಒಂಬತ್ತು ದಿನಗಳಾಗಿದ್ದವು. ಆಮೇಲೆ ಬಿಡಿಸಿದ ಎರಡು ಡಿಸೈನುಗಳು ಮಾತ್ರ ಇರಲಿಲ್ಲ.

"ಎರಡು ಹೋದ್ವು," ಎಂದರು ಲಲಿತಾ. ಅವರು ಆಗಲೇ ಪೆನ್ಸಿಲ್ ಹುಡುಕುತ್ತಿದ್ದರು. "ಆರುನೂರು ಉಳದ್ವು."

"ಇನ್ನ ಮ್ಯಾಲೆ ಅಮಾಸಿ ಕಾಯೂದು ಬ್ಯಾಡ," ಎಂದರು ಹಂಪಣ್ಣ. "ವಾರಕ್ಕೊಮ್ಮಿ ಕಾಪಿ ಮಾಡೂಣು. ನೀ ಡಿಸೈನ್ ಬಿಡಸು, ಕಾಪಿ ನಾ ಮಾಡ್ತೀನಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕಂಪ್ಯೂಟರಿನಲ್ಲಿ ಯಾವ ಡಿಸ್ಕ್ ಇದೆ ಎಂದು ನಿಮಗೆ ಗೊತ್ತೇ? ವಿಂಡೋಸಿನ ಹುಡುಕುವ ಜಾಗದಲ್ಲಿ ಡಿಫ್ರ್ಯಾಗ್ ಎಂದು ಇಂಗ್ಲಿಷಿನಲ್ಲಿ ಬರೆದರೆ ತೆರೆಯುವ ಪರದೆಯಲ್ಲಿ ಅದು ಇರುತ್ತದೆ. ಸಾಲಿಡ್ ಸ್ಟೇಟ್ ಎಂದಿದ್ದರೆ ವಾರದ ಆಪ್ಟಿಮೈಜ್ ಚಾಲೂ ಇರಲಿ. ಅದನ್ನು ನಿಲ್ಲಿಸಬೇಡಿ. ವೇಗ ಹೆಚ್ಚಿಸುತ್ತೇವೆ, ಜೋಡಿಸಿ ಕೊಡುತ್ತೇವೆ ಎನ್ನುವ ಹೊರಗಿನ ಪ್ರೋಗ್ರಾಮುಗಳನ್ನು ಅದರ ಮೇಲೆ ಹಚ್ಚಬೇಡಿ. ಡಿಸ್ಕನ್ನು ಕಂಠಮಟ್ಟ ತುಂಬಿಸದೆ ಒಂದಿಷ್ಟು ಜಾಗ ಖಾಲಿ ಬಿಡಿ.

ಇಷ್ಟೆಲ್ಲ ಮಾಡಿದರೂ ಡಿಸ್ಕ್ ಒಂದು ದಿನ ನಿಲ್ಲಬಹುದು. ಆದ್ದರಿಂದ ಈ ಹಾಳೆ ಕೆಳಗಿಡುವ ಮೊದಲು ಯೋಚಿಸಿ: ಮಗುವಿನ ಫೋಟೋ ಇರಲಿ, ಹೊಲದ ಕಾಗದವಿರಲಿ, ನಿಮ್ಮ ದುಡಿಮೆಯ ಕೆಲಸವಿರಲಿ, ಆ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ್ದು ಯಾವುದು? ಇವತ್ತೇ ಅದನ್ನು ಇನ್ನೊಂದು ಕಡೆ ಕಾಪಿ ಮಾಡಿ. ಮಾಡಿದ ಮೇಲೆ ತೆರೆದು ನೋಡಿ.