ಮೂರನೆಯ ಕೂಗು

"ಹತ್ರ ಹೋಗ್‌ಬ್ಯಾಡ ಕಣಮ್ಮಿ! ಅದು ಮನುಸ್ರ ಜಾತಿಯಲ್ಲ."

ಅಪ್ಪಯ್ಯಣ್ಣ ಕೋಲು ಅಡ್ಡ ಹಿಡಿದ. ಗಂಡನಿಗೆ ಬುತ್ತಿ ತಂದಿದ್ದ ಮುನಿತಾಯಮ್ಮ ನೀರಿನ ಚೊಂಬು ಹಿಡಿದುಕೊಂಡೇ ಬದುವಿನ ಮೇಲೆ ನಿಂತುಬಿಟ್ಟಳು. ಅವಳದೇ ರಾಗಿ ಹೊಲ. ಪೈರಿನ ಮೇಲೆ ಹರಡಿ ಬಿದ್ದಿದ್ದ ಬಿಳಿ ಬಟ್ಟೆ ಒಂದು ಮದುವೆ ಚಪ್ಪರಕ್ಕೆ ಸಾಲುವಷ್ಟಿತ್ತು. ಅದರ ಹಗ್ಗಗಳಲ್ಲಿ ಸಿಕ್ಕಿಕೊಂಡು ಬಿದ್ದಿದ್ದ ಜೀವಕ್ಕೆ ಗಾಜಿನ ದೊಡ್ಡ ಕಣ್ಣು. ಬಾಯಿ ಇರಬೇಕಾದ ಕಡೆ ಆನೆಮರಿಗಿರುವಂಥ ಒಂದು ಸೊಂಡಿಲು.

ಯುದ್ಧ ಶುರುವಾದ ಮೇಲೆ ಬೂದಿಗೆರೆ ಕಡೆಯವರಿಗೆ ವಿಮಾನ ಹೊಸದಾಗಿ ಉಳಿದಿರಲಿಲ್ಲ, ದನಗಳೂ ತಲೆಯೆತ್ತುತ್ತಿರಲಿಲ್ಲ. ಆದರೆ ಇವತ್ತು ಮೋಡ ಕವಿದು ವಿಮಾನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಪ್ಪಯ್ಯಣ್ಣನಿಗೆ ಅಷ್ಟೇ ಸಾಕಾಯಿತು. ಕೆರೆಯ ಮೇಲೆ ಬೆಳಕೊಂದು ಓಡಾಡಿತು, ಚುಕ್ಕಿಯಿಂದ ಜನ ಇಳಿಯುತ್ತಾರೆ ಎಂದು ಹಾಡಿದ್ದೇ ಹಾಡುವ ಕಿಸಬಾಯಿ ದಾಸ ಅವನು. ಊರೆಲ್ಲ ನಕ್ಕಿತ್ತು. ಈಗ ಬದುವಿನ ಮೇಲೆ ನೆರೆದವರಲ್ಲಿ ನಗುವವರಿರಲಿಲ್ಲ.

"ಚುಕ್ಕಿ ಲೋಕದೋರು! ನಾನ್ ಯೋಳ್ಲಿಲ್ವಾ?"

ಅಷ್ಟರಲ್ಲಿ ಸೊಂಡಿಲಿನೊಳಗಿಂದ ದನಿ ಬಂತು. "ಮ್ಮಾ..."

ಮುನಿತಾಯಮ್ಮನ ಒಬ್ಬನೇ ಮಗ ಮುನಿಶಾಮಪ್ಪ ದಂಡಿಗೆ ಸೇರಿ ಬರ್ಮಾಕ್ಕೆ ಹೋಗಿದ್ದ. ಎರಡು ಸುಗ್ಗಿ ಕಳೆದರೂ ಸುದ್ದಿಯಿಲ್ಲ. ಅವಳ ಕಾಲು ತಾನಾಗಿಯೇ ಮುಂದೆ ಹೋಯಿತು.

"ಓ ಅನ್‌ಬ್ಯಾಡ!" ಗಂಡ ಗೋಪಾಲಪ್ಪ ರಟ್ಟೆ ಹಿಡಿದ. "ಪೀಡೆ ಆದ್ರೆ ಎಲ್ಡೇ ಕಿತ ಕೂಗೋದು. ಮೂರ್ನೇ ಕಿತ ಕೂಗಿದ್ರೆ ಮನುಸ. ಅದ್ಕೆ ಮುಂಚೆ ಓಗೊಟ್ಟೀಯಾ, ನಮ್ ಕರುಳ ಕುಡೀನೆ ಹೊತ್ಕೊಂಡು ಹೋಗ್ತದೆ. ಮಗ ದಂಡ್ನಾಗವ್ನೆ, ನೆಪ್ಪಿರ್ಲಿ."

ಮಗನಿಗೆ ಅದೇ ಮಾತನ್ನು ಅನ್ನದ ಜೊತೆ ಕಲಸಿ ತಿನ್ನಿಸಿದವಳು ಅವಳೇ. ನಿಂತಳು.

"ಮ್ಮಾ..."

ಎಕ್ಕಡದ ಚರ್ಮದಂಥ ಕೈಯೊಂದು ಮೇಲೆದ್ದು ಪೈರಿನೊಳಗೆ ಬಿತ್ತು. ಎಲ್ಲರೂ ಮೂರನೆಯದಕ್ಕೆ ಕಾದರು. ಚೊಂಬಿನ ನೀರು ತುಳುಕಿ ಅವಳ ಪಾದ ನೆನೆಯಿತು. 'ಇನ್ನೊಂದೇ ಕಿತ ಕೂಗಪ್ಪಾ, ನಿನ್ನ ದಮ್ಮಯ್ಯ' ಎಂದು ಒಳಗೊಳಗೇ ಬೇಡಿಕೊಂಡಳು. ಅದು ಕೂಗಲಿಲ್ಲ.

"ನೋಡುದ್ರಾ?" ಎಂದ ಅಪ್ಪಯ್ಯಣ್ಣ.

ಇಳಿಹೊತ್ತಿಗೆ ಮಿಲಿಟರಿ ಲಾರಿ ಬಂತು. ಸಿಪಾಯಿಯೊಬ್ಬ ಪ್ಯಾರಾಚೂಟಿನ ಬಟ್ಟೆ ಸರಿಸಿ, ಮಂಡಿಯೂರಿ ಗಾಜಿನ ಕಣ್ಣನ್ನು ಬಿಚ್ಚಿದ, ಸೊಂಡಿಲನ್ನು ಬಿಚ್ಚಿದ. ಒಳಗೆ ಮೀಸೆ ಆಗಷ್ಟೇ ಚಿಗುರಿದ ಮುಖ. ರಾಗಿಯಂಥದೇ ಬಣ್ಣ. ತುಟಿ ಒಣಗಿ ಬಿರಿದಿತ್ತು, ಉಸಿರಿರಲಿಲ್ಲ.

"ಒಂದ್ ತೊಟ್ಟು ನೀರೂ ಬಿಡ್ಲಿಲ್ವೇನ್ರಮ್ಮಾ?" ಎಂದು ಸಿಪಾಯಿ ಕೇಳಿದ. ಅಪ್ಪಯ್ಯಣ್ಣ ಮೋಡ ನೋಡುತ್ತಿದ್ದ.

ಆಮೇಲೆ ಮುನಿತಾಯಮ್ಮ ಮೊದಲ ಕೂಗಿಗೇ ಓಗೊಡತೊಡಗಿದಳು. ಭಿಕ್ಷೆಯವರಿಗೆ, ನೆರೆಮನೆಯವರಿಗೆ, ಕರು ಅಂಬಾ ಎಂದರೂ ಸರಿ. ಒಂದು ಮಧ್ಯಾಹ್ನ ಗೋಪಾಲಪ್ಪನಿಗೆ ಮುದ್ದೆ ಬಡಿಸುತ್ತಿದ್ದವಳು "ಬಂದೇ ಕಣಪ್ಪಾ" ಎಂದು ಎದ್ದು, ಚೊಂಬು ತುಂಬಿಕೊಂಡು ಬಾಗಿಲಿಗೆ ಓಡಿದಳು.

"ಯಾರೂ ಕೂಗ್ಲಿಲ್ವಲ್ಲೇ."

ಅವಳು ತಿರುಗಲಿಲ್ಲ. ಖಾಲಿ ಬೀದಿಯ ಬಿಸಿಲಿಗೆ ಚೊಂಬನ್ನು ಚಾಚಿಕೊಂಡು ಹೊಸಿಲ ಮೇಲೆ ನಿಂತೇ ಇದ್ದಳು.