ಎಡಗಡೆಯ ಕೆಂಪು ಗೀಟು

ಕತ್ತಲೆ, ಮತ್ತೆ ಕತ್ತಲೆ, ಅಪ್ಪನ ಅಂಗಿ ಅಣ್ಣನ ಕೈಯಲ್ಲಿ ಅರ್ಧ ಮಡಚಿದ್ದು ಹಾಗೇ ನಿಂತಿದೆ, ಪೆಟ್ಟಿಗೆ ಬಾಯಿ ತೆರೆದುಕೊಂಡೇ ಇದೆ, ಗೋಡೆಯ ಮೇಲೆ, ಗೀಟು ಗೀಟು ಹೊತ್ತಿಸಿ ಅಂಕಿ ಮೂಡಿಸುವ ಗಡಿಯಾರದ ಕೆಂಪು ಏಳು ಮಾತ್ರ ಉರಿಯುತ್ತಿದೆ, ಏಳಕ್ಕೆ ಕೆಳಗೆ ಎಡಗಡೆ ಗೀಟಿಲ್ಲ — ದಿನವೂ ಅಂಗಡಿಯಲ್ಲಿ ಊರವರ ರೇಡಿಯೊ ಬಿಚ್ಚಿ ಕೂರುವವಳು ನಾನು, ಐದಕ್ಕಿಲ್ಲದೆ ಆರಕ್ಕಿರುವುದು ಆ ಒಂದೇ ಗೀಟು ಎಂದು ಹಿಗ್ಗಿಬಿಟ್ಟೆ, ಅದರ ಹಿಂದೆ ಕೂದಲೆಳೆಯಂಥ ತಂತಿ ಬೆಸೆದೆ, ತಂತಿಯನ್ನು, ಕರೆಂಟು ಬಂದರೆ ತಾನೇ ಸ್ವಿಚ್ಚು ಹಾಕುವ ರಿಲೇಗೆ, ರಿಲೇಯನ್ನು ದೀಪಕ್ಕೆ ಕೊಟ್ಟೆ, ಗಂಟೆ ಆರಾಗುತ್ತಲೇ ದೀಪ ತಾನಾಗಿ ಹತ್ತಿದ್ದು ನೋಡಿ ಕುಣಿದೆ, ಆ ಗೀಟಿಲ್ಲದ ಏಳಕ್ಕೆ ದೀಪ ಆರಿಹೋಗುತ್ತೆ ಅಂತ ಯೋಚಿಸಲೇ ಇಲ್ಲ, ಪೆದ್ದಿ, ಶುದ್ಧ ಪೆದ್ದಿ. ಅಣ್ಣ ನಗುತ್ತಿದ್ದಾನೆ, ಏನೇ ಎಂಜಿನಿಯರಮ್ಮ, ದೀಪ ಮಾಡಿದೀಯೋ ಕಣ್ಣಾಮುಚ್ಚಾಲೆ ಆಡಿಸ್ತಿದೀಯೋ, ನಗಲಿ, ನಗುವಾಗಲಾದರೂ ಅಂಗಿ ಪೆಟ್ಟಿಗೆಗೆ ಹೋಗುವುದಿಲ್ಲ, ಹಿಂದಿನ ತಿಂಗಳು ಸ್ವಿಚ್ಚು ತಡಕಾಡಲು ಹೋಗಿ ಅಪ್ಪ ಬಾಗಿಲಿಗೆ ಹಣೆ ಒಡೆದುಕೊಂಡಾಗಲೇ ಇವನು ಹೇಳಿದ್ದ, ನೀನು ಕೆಲಸಕ್ಕೆ ಹೋದರೆ ಅಪ್ಪನ್ನ ನೋಡೋರು ಯಾರು, ನಾನು ಕರ್ಕೊಂಡು ಹೋಗ್ತೀನಿ — ಅಪ್ಪ ಹೋದರೆ ಈ ಮನೆಗೆ ನಾನು ಯಾರಿಗಾಗಿ ಬರಲಿ, ಹೊಲಿಗೆ ಯಂತ್ರದ ಸದ್ದಿಲ್ಲದ ಮನೆಗೆ — ಆದರೆ ಸದ್ದು ಇದೆಯಲ್ಲ, ಕತ್ತಲಲ್ಲೂ ನಿಂತಿಲ್ಲ, ಟಕಟಕ ಟಕಟಕ, ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದ ಅಪ್ಪ ದಿಂಬಿನ ಚೀಲದ ಅಂಚನ್ನು ಬೆರಳಲ್ಲೇ ಹುಡುಕಿಕೊಂಡು ಹೊಲಿಯುತ್ತಿದ್ದಾನೆ, ಏಳಾಯ್ತು ಮಗಳೇ, ಕಣ್ಣಿನ ಔಷಧಿ ಹಾಕು. ಯಂತ್ರ ನಿಂತಿತು. ಅಣ್ಣನ ನಗುವೂ ನಿಂತಿತು, ಏಳಾಯ್ತು ಅಂತ ನಿಂಗೆ ಹೇಗೆ ಗೊತ್ತಾಯ್ತಪ್ಪಾ, ದೀಪ ಹೋಯ್ತಲ್ಲೋ, ಎಂಟಕ್ಕೆ ಬರುತ್ತೆ, ಒಂಬತ್ತಕ್ಕೆ ಹೋಗುತ್ತೆ, ಹತ್ತಕ್ಕೆ ಬರುತ್ತೆ, ಅಷ್ಟೂ ಕಾಣದಷ್ಟು ಕುರುಡನೇನೋ ನಾನು, ಮಧ್ಯಾಹ್ನ ಮೂರರಿಂದ ಆರರ ತನಕ ಬರೋದೇ ಇಲ್ಲ, ಅದು ನನ್ನ ನಿದ್ದೆ ಟೈಮು, ನಿನ್ನ ತಂಗಿ ಅದನ್ನೂ ಯೋಚನೆ ಮಾಡೇ ಮಾಡಿರೋದು — ನಾನೆಲ್ಲಿ ಯೋಚಿಸಿದೆ ಅಪ್ಪಾ, ಆದರೆ ಹೌದಲ್ಲ, ಗಂಟೆ ಎಷ್ಟು, ಈಗ ಎಷ್ಟು, ಈಗ, ಎಂದು ಜೀವ ಹಿಂಡುತ್ತಿದ್ದವನು ವಾರದಿಂದ ಒಮ್ಮೆಯೂ ಕೇಳಿಲ್ಲ, ಮೊದಲ ದಿನವೇ ತಪ್ಪು ಗೊತ್ತಾಗಿ ಗಡಿಯಾರ ಬಿಚ್ಚಲು ಹೋದರೆ ಇರಲಿ ಬಿಡು ಅಂದಿದ್ದ, ನನ್ನ ಮನಸ್ಸು ನೋಯದಿರಲಿ ಅಂತ ಅಂದುಕೊಂಡೆ, ನಗು ಬರುತ್ತಿದೆ, ಔಷಧಿಯ ಸೀಸೆ ಕೈಗೆ ಸಿಕ್ಕಿತು, ತಣ್ಣಗಿದೆ. ಅಣ್ಣ ಬಿಡಲಿಲ್ಲ, ಅಂಗಿ ಪೆಟ್ಟಿಗೆಯೊಳಗಿಟ್ಟ, ಬೆಳಿಗ್ಗೆ ಬಸ್ಸಪ್ಪಾ, ನಮ್ಮನೇಲಿ ಕಿಟಕಿ ಪಕ್ಕದ ಕೋಣೆ ನಿಂದೇ, ಗಂಟೆ ಎಷ್ಟು ಅಂತ ನೀನು ಕೇಳಿದಾಗೆಲ್ಲ ನಿನ್ನ ಸೊಸೆ ಹೇಳ್ತಾಳೆ — ಕೇಳಿದಾಗೆಲ್ಲ, ಅಂದರೆ ಅಲ್ಲಿ ಅಪ್ಪ ಮತ್ತೆ ಗಂಟೆ ಕೇಳುತ್ತಲೇ ಇರಬೇಕು, ನನ್ನ ಕಣ್ಣು ಕೆಳಗೆ ಎಡಗಡೆಗೇ, ಗೀಟಿಲ್ಲದ ಜಾಗಕ್ಕೆ, ಎಂಟಕ್ಕೆ ಕೆಂಪಗೆ ತುಂಬಿಕೊಳ್ಳುವ ಜಾಗಕ್ಕೆ, ಆ ಗೀಟು, ಆ ಒಂದು ಗೀಟು — ನಾನು ಬರಲ್ಲ, ಅಂದ ಅಪ್ಪ.