ಎಡಗೊಂಬಿನ ಭೂತ

ಅಜ್ಜ ತೆಗೆದಿದ್ದ ಭೂತದ ಸಿನಿಮಾವನ್ನು ಹಾಲಿನ ಡೇರಿಯ ಗೋಡೆಯ ಮೇಲೆ ತೋರಿಸುವುದೆಂದು ನಿಶ್ಚಯವಾದಾಗ ಮೊಮ್ಮಗಳಿಗೆ ಹಿಗ್ಗಿಗಿಂತ ದಿಗಿಲೇ ಹೆಚ್ಚಾಯಿತು. ಚಿತ್ರಗಳಿಗೆ ಇನ್ನೂ ಮಾತು ಬಾರದ ಕಾಲದಲ್ಲಿ ಅಜ್ಜ ಜನರನ್ನು ಗಡಗಡ ನಡುಗಿಸಿದವನು. ಭೂತವನ್ನು ಮಾತ್ರ ಒಮ್ಮೆಯೂ ತೋರಿಸಿದವನಲ್ಲ. ಲಾಟೀನನ್ನು ನೆಲದ ಮೇಲಿಟ್ಟು, ಬರಿಯ ಗೋಡೆಯ ಮೇಲೆ ನೆರಳನ್ನು ನಿಧಾನವಾಗಿ ಬೆಳೆಯಬಿಡುತ್ತಿದ್ದ. ಆಮೇಲೆ ಬಂದವರೆಲ್ಲ ಆ ನೆರಳನ್ನೇ ಎರವಲು ತಂದು ಹೆಸರು ಮಾಡಿದರು. ನೆರಳಿಗೆ ನಿಲ್ಲಿಸಿದ್ದು ಮನೆಯ ಎಮ್ಮೆಯನ್ನು ಎಂಬುದು ಮನೆಯವರ ಗುಟ್ಟು.

ಮನೆ ಅಳಿಯನಾಗಿ ಬಂದ ಗಂಡನಿಗೆ ಇದೆಲ್ಲ ತಮಾಷೆ. ಈಗಿನವರು ರಕ್ತ ಹರಿದರೂ ಕಡಲೆಕಾಯಿ ಸುಲಿಯುತ್ತಾ ಕೂರುತ್ತಾರೆ, ನೆರಳಿಗೆ ಯಾರು ಹೆದರುತ್ತಾರೆ ಎಂದು ಕಿಚಾಯಿಸಿದ.

“ಒಬ್ರು ಹೆದರಿದ್ರೂ ಈ ತಿಂಗಳೆಲ್ಲ ಕೊಟ್ಟಿಗೆ ಸಗಣಿ ನಾನೇ ಬಾಚ್ತೀನಿ ಕಣೇ.”

“ಮಾತಿಗೆ ತಪ್ಪಬೇಡಿ ಮತ್ತೆ.”

ಅಂದಳೇನೋ ಸರಿ, ಅಜ್ಜನ ಮರ್ಯಾದೆ ಏನಾಗುವುದೋ ಎಂಬ ಅಳುಕು ಮಾತ್ರ ಹೋಗಲಿಲ್ಲ.

ಹೊತ್ತು ಮುಳುಗುತ್ತಲೇ ಚಿತ್ರ ಶುರುವಾಯಿತು. ಕೊಂಬಿನ ನೆರಳು ಗೋಡೆಯ ಬುಡದಿಂದ ಏಳತೊಡಗಿತು. ಅವಳು ಜನರ ಮುಖ ನೋಡಿದಳು. ಆದರೆ ಕೂತವರೆಲ್ಲ ಹುಟ್ಟಿನಿಂದ ದನ ಸಾಕಿದವರು. ಎಡಗೊಂಬು ಕೆಳಕ್ಕೆ ಬಾಗಿದ್ದು ಕಂಡದ್ದೇ ತಡ, ಇದು ಇವರ ಮನೆ ಎಮ್ಮೆಯ ತಳಿಯೇ ಎಂದಳು ಡೇರಿಯಲ್ಲಿ ಹಾಲು ಅಳೆಯುವವಳು. ಅಲ್ಲ, ನಮ್ಮ ಅತ್ತೆ ಮನೆ ಕಡೆಯದು ಎಂದು ಕಮ್ಮಾರ ವಾದಕ್ಕೆ ನಿಂತ. ಭೂತದ ನೆರಳು ಬಾಗಿಲು ತಳ್ಳುವಷ್ಟರಲ್ಲಿ, ಅದು ಹೊತ್ತಿಗೆ ಎಷ್ಟು ಹಾಲು ಕೊಟ್ಟೀತು ಎಂಬಲ್ಲಿಗೆ ಮಾತು ಬಂದಿತ್ತು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ತಲೆ ತಗ್ಗಿಸಿದಳು.

ಚಿತ್ರ ಮುಗಿದು ಗುಂಪು ಓಣಿಗಿಳಿಯಿತು. ತಲೆಯ ಮೇಲೆ ಬೆರಳುಗಳ ಕೊಂಬು ಮಾಡಿಕೊಂಡು ಗಂಡ ಎಲ್ಲರಿಗಿಂತ ಮುಂದೆ. ಮನೆಯ ತಿರುವಿನಲ್ಲಿ ಗಕ್ಕನೆ ನಿಂತ. ಎದುರುಗೋಡೆಯ ಬುಡದಿಂದ ಬಾಗಿದ ಕೊಂಬೊಂದು ನಿಧಾನವಾಗಿ ಮೇಲೇಳುತ್ತಿತ್ತು. ಗುಂಪೂ ನಿಂತಿತು. ಈ ಸಲ ಯಾರೂ ತಳಿ ಕೇಳಲಿಲ್ಲ, ಹಾಲಿನ ಸುದ್ದಿ ಎತ್ತಲಿಲ್ಲ. ಗಂಡ ಹಿಂಹಿಂದಕ್ಕೆ ಬಂದು ಅವಳ ಬೆನ್ನಿಗೆ ಅಂಟಿಕೊಂಡ.

“ನೀನು ಮುಂದೆ ಹೋಗೇ. ನಿಮ್ಮಜ್ಜಂದಲ್ವಾ, ನಿನ್ ಗುರ್ತು ಇರುತ್ತೆ.”

ಅವಳು ಹೋಗಿ ಇಣುಕಿದಳು. ಸಿನಿಮಾ ಬೇಡವೆಂದು ಮನೆಯಲ್ಲೇ ಉಳಿದಿದ್ದ ಅಮ್ಮ, ಕೊಟ್ಟಿಗೆಯಲ್ಲಿ ಲಾಟೀನನ್ನು ನೆಲದ ಮೇಲಿಟ್ಟು, ಎಮ್ಮೆಯನ್ನು ಎಬ್ಬಿಸಿ ಹುಲ್ಲು ಹಾಕುತ್ತಿದ್ದಳು.

ಬೆಳಿಗ್ಗೆ ಬುಟ್ಟಿ, ಪೊರಕೆ ಎರಡನ್ನೂ ಅವಳು ಗಂಡನ ಚಪ್ಪಲಿಯ ಪಕ್ಕದಲ್ಲಿಟ್ಟಳು. ಅವನು ಅವನ್ನು ಎತ್ತಿಕೊಂಡು ಕೊಟ್ಟಿಗೆಗೆ ನಡೆದ. ಎಮ್ಮೆ ಒಮ್ಮೆ ಕತ್ತು ತಿರುಗಿಸಿ ನೋಡಿತು. ಅವನು ಸ್ವಲ್ಪ ದೂರದಿಂದಲೇ ಬಾಚತೊಡಗಿದ.